ತಾಯಿತದೊಳಗಿನ ಚೀಟಿ

ಸವಡಿಯ ಹೆಣ್ಣುಮಕ್ಕಳ ಶಾಲೆಗೆ ನಾನು ಅಕ್ಕೋರಾಗಿ ಬಂದದ್ದು ೧೯೫೪ರಲ್ಲಿ. ಫಕೀರವ್ವನ ಮನೆಯ ಹೊರಗಿನ ಕೋಣೆಯಲ್ಲಿ ಬಾಡಿಗೆಗಿದ್ದೆ. ಫಕೀರವ್ವ ಕೆಟ್ಟವಳಲ್ಲ. ಬೆಳಿಗ್ಗೆ ರೊಟ್ಟಿ ಬಡಿಯುವಾಗ ನನಗೂ ಎರಡು ಹೆಚ್ಚಿಗೆ ಬಡಿಯುತ್ತಿದ್ದಳು. ಆದರೆ ಸೊಸೆ ರೇಣವ್ವನ ಮಾತು ಬಂದರೆ ಸಾಕು, ಆಕೆಯ ನಾಲಿಗೆ ಬೇರೆಯಾಗುತ್ತಿತ್ತು. ಆಕೆಯ ಲೆಕ್ಕದಲ್ಲಿ ರೇಣವ್ವ ‘ಹಡೆದಾಕಿ’ ಅಲ್ಲ, ‘ತೆಗೆಸಿಕೊಂಡಾಕಿ’.

ಮೂರು ವರ್ಷದ ಹಿಂದೆ ಚೊಚ್ಚಲ ಹೆರಿಗೆಯಲ್ಲಿ ಕೂಸು ಅಡ್ಡ ತಿರುಗಿತ್ತು. ಗದಗಿನ ದವಾಖಾನೆಯಲ್ಲಿ ಹೊಟ್ಟೆ ಕೊಯ್ದು ಮಗಳು ಮಾಯವ್ವನನ್ನು ತೆಗೆದರು. ತಾಯಿಯೂ ಉಳಿದಳು, ಮಗಳೂ ಉಳಿದಳು. ಊರಿಗೆ ಅಷ್ಟು ಸಾಕಾಗುವುದುಂಟೆ? ಹೊಟ್ಟೆ ಕೊಯ್ಸಿಕೊಂಡವಳ ಕೈ ತಾಗಿದರೆ ಬಸುರಿಗೂ ಅದೇ ಗತಿ ಬರುತ್ತದೆಂದು ಯಾರ ಮನೆಯ ಸೀಮಂತದ ಕುಬಸದಲ್ಲೂ ರೇಣವ್ವನಿಂದ ಉಡಿ ತುಂಬಿಸುತ್ತಿರಲಿಲ್ಲ. ಸ್ವಂತ ನಾದಿನಿಯ ಕುಬಸದ ದಿನವೂ ಆಕೆ ಅಡುಗೆಮನೆಯಲ್ಲಿ ಹೋಳಿಗೆ ಬೇಯಿಸುತ್ತ ಕೂತಿದ್ದಳು. ಆ ಕೈಯ ಹೋಳಿಗೆ ಮಾತ್ರ ಎಲ್ಲರಿಗೂ ನಡೆಯಿತು. ನನಗೆ ಸಿಟ್ಟು ಬಂದದ್ದು ಅವತ್ತೇ.

ಈಗ ಆಕೆಗೆ ಮತ್ತೆ ಏಳು ತಿಂಗಳು. ಗಂಡ ಅರ್ಜುನಪ್ಪ ತಾಯಿಯ ಮುಖ ನೋಡಿ ಮಾತಾಡುವವನು. ಫಕೀರವ್ವ ತೀರ್ಮಾನಿಸಿಬಿಟ್ಟಿದ್ದಳು. ಈ ಸಲ ಮನೆಯಲ್ಲೇ ಹೆರಿಗೆ, ಸೂಲಗಿತ್ತಿ ಚಮನಬಿಯ ಕೈಯಲ್ಲಿ. ನೋವು ತಿಂದು ಹಡೆದರೆ ಹಳೆಯ ಕಳಂಕ ತೊಳೆದುಹೋಗುತ್ತದೆ. ಆಕೆಗೊಂದು ಸಾಕ್ಷಿಯೂ ಸಿಕ್ಕಿತ್ತು. ನರಗುಂದದ ಕಾಳಿನ ವ್ಯಾಪಾರಿ ಅಂದಾನೆಪ್ಪನವರ ಸೊಸೆ ನೀಲವ್ವ ಮೊದಲು ಕೊಯ್ಸಿಕೊಂಡವಳು, ಎರಡನೆಯದನ್ನು ಹಡೆದಿದ್ದಳು. ಹಡೆದದ್ದು ದವಾಖಾನೆಯಲ್ಲಿ ಎಂಬುದನ್ನು ಮಾತ್ರ ಫಕೀರವ್ವ ಹೇಳುತ್ತಿರಲಿಲ್ಲ.

ರೇಣವ್ವನದು ಕೆದಕಿ ಕೇಳುವ ಸ್ವಭಾವ. ಜೋಳ ಬೀಸುತ್ತ ನನ್ನನ್ನು ಕೇಳುವಳು: ಒಳಗೆ ಹೊಲಿದ ದಾರ ಏನಾಗುತ್ತದೆ? ಹೊರಗಿನ ಗಾಯ ಮಾಯ್ದರೆ ಒಳಗಿನದೂ ಮಾಯ್ದಂತೆಯೇ? ನೀಲವ್ವನಿಗೆ ಆದದ್ದು ತನಗೇಕೆ ಆಗಬಾರದು? ಮದುವೆಯಾಗದ ಅಕ್ಕೋರು ನಾನು. ಓದಿದ ಯಾವ ಪುಸ್ತಕದಲ್ಲೂ ಇದು ಇರಲಿಲ್ಲ.

ಒಂದು ಮಧ್ಯಾಹ್ನ ಚಮನಬಿ ಬಂದಳು. ಊರಿನ ಅರ್ಧ ಮಕ್ಕಳನ್ನು ಎತ್ತಿಕೊಂಡ ಕೈ ಅವಳದು. ರೇಣವ್ವನ ಹೊಟ್ಟೆಯ ಮೇಲೆ ಕೈಯಾಡಿಸಿ, ಗಾಯದ ಗೆರೆಯ ಹತ್ತಿರ ನಿಲ್ಲಿಸಿದಳು. ಈಕೆ ಅತ್ತೆಯ ಪರವೇ ಮಾತಾಡುತ್ತಾಳೆಂದು ನಾನು ಜಗಳಕ್ಕೆ ಸಿದ್ಧಳಾಗಿ ಕೂತಿದ್ದೆ. ಸುಳ್ಳೇಕೆ ಹೇಳಲಿ, ತಪ್ಪು ತಿಳಿದದ್ದು ನಾನೇ.

“ಕೂಸು ಹ್ಯಾಂಗ ಮಲಗೈತಿ ಅಂತ ನನ್ನ ಕೈ ಹೇಳ್ತೈತಿ. ಒಳಗಿನ ಹೊಲಿಗಿ ಹ್ಯಾಂಗೈತಿ ಅಂತ ಹೇಳಂಗಿಲ್ಲ,” ಎಂದಳು ಚಮನಬಿ. “ನೀಲವ್ವಗ ಒಳಗ ಕೆಳಗಡೆ ಅಡ್ಡ ಕೊಯ್ದಿದ್ರು. ಹಂಗ ಕೊಯ್ದ ಗಾಯ ನೋವು ತಡಕೋತೈತಿ ಅಂತ ಡಾಕ್ಟರು ಚೀಟ್ಯಾಗ ಬರದು ಕೊಟ್ಟಿದ್ರು. ನಿನಗ ಕೊಟ್ಟ ಚೀಟಿ ಎಲ್ಲೈತವಾ?”

ಫಕೀರವ್ವ, ಅರ್ಜುನಪ್ಪ, ರೇಣವ್ವ ಮೂವರ ಕಣ್ಣೂ ಅಂಗಳದಲ್ಲಿ ಆಡುತ್ತಿದ್ದ ಮಾಯವ್ವನ ಕೊರಳಿಗೆ ಹೋಯಿತು. ಆ ಕತೆ ನನಗೆ ಅವತ್ತೇ ತಿಳಿದದ್ದು. ದವಾಖಾನೆಯಿಂದ ಬಂದ ದಿನ ಫಕೀರವ್ವ, ಜೀವ ಉಳಿಸಿದವರ ಬರಹವೆಂದು ಆ ಇಂಗ್ಲಿಷ್ ಚೀಟಿಯನ್ನು ಮಡಚಿ, ತಾಮ್ರದ ತಾಯಿತದಲ್ಲಿ ತುಂಬಿ, ಮೇಣ ಹಾಕಿಸಿ ಮೊಮ್ಮಗಳಿಗೆ ಕಟ್ಟಿದ್ದಳು. ಗುರುವಾರಕ್ಕೊಮ್ಮೆ ಅದಕ್ಕೆ ಲೋಬಾನದ ಹೊಗೆ ಹಾಕುತ್ತಿದ್ದಳು. ಮೂರು ವರ್ಷ ಪೂಜೆಗೊಂಡ ಆ ಕಾಗದವನ್ನು ಮನೆಯಲ್ಲಿ ಒಬ್ಬರೂ ಓದಿಸಿರಲಿಲ್ಲ.

ಕಟ್ಟಿದ ತಾಯಿತ ಬಿಚ್ಚಿದರೆ ಕೂಸಿಗೆ ಕೇಡು ಎಂದು ಫಕೀರವ್ವ ಮೊಮ್ಮಗಳನ್ನು ಎತ್ತಿಕೊಂಡುಬಿಟ್ಟಳು. ಚೀಟಿ ಬರೆಯುವುದು ಕಟ್ಟುವುದಕ್ಕಲ್ಲ, ಓದುವುದಕ್ಕೆ ಎಂದು ನಾನು ತಿಳಿಹೇಳಿದೆ. ನಾಲ್ಕಕ್ಷರ ಕಲಿತವರ ಮಾತು ಕೇಳಿ ಮನೆ ನಡೆಸಲಾಗದೆಂದು ಆಕೆ ಮುಖ ತಿರುಗಿಸಿದಳು. ಅರ್ಜುನಪ್ಪ ಎತ್ತಿಗೆ ನೀರು ಕುಡಿಸುವ ನೆವ ಹೇಳಿ ಎದ್ದುಹೋದ.

ರೇಣವ್ವ ನಿಧಾನವಾಗಿ ಎದ್ದು ಅತ್ತೆಯ ಎದುರು ನಿಂತಳು.

“ಅತ್ತಿ, ಹಡೆದಾಕಿ ಅನ್ನಿಸ್ಕೋಬೇಕಂತ ನನಗೂ ಭಾಳ ಆಸೆ ಐತ್ರಿ. ಆದ್ರ ಒಳಗ ಏನೈತಿ ಅಂತ ತಿಳೀದ ನಾ ಮನ್ಯಾಗ ಹಡಿಯಂಗಿಲ್ಲ. ಈಕಿನ್ನ ತಾಯಿಲ್ಲದ ಮಗಳ್ನ ಮಾಡಂಗಿಲ್ಲ.”

ಅತ್ತೆಯ ಸೊಂಟದ ಮೇಲಿದ್ದ ಮಗಳ ಕೊರಳಿನಿಂದ ತಾನೇ ದಾರ ಬಿಚ್ಚಿದಳು. ಸೂಜಿಯಿಂದ ಮೇಣ ಕೆದರಿದಳು. ಮಾಯವ್ವ ಅಳಲಿಲ್ಲ, ಒಳಗಿನಿಂದ ಏನು ಬರುತ್ತದೋ ಎಂದು ಬಗ್ಗಿ ನೋಡಿದಳು. ತಾಯಿಯ ಮಗಳೇ ಸರಿ.

ಹಳದಿಗಟ್ಟಿದ ಚೀಟಿಯನ್ನು ನಾನು ಓದಿದೆ. ಎರಡು ಶಬ್ದ ಅರ್ಥವಾಗದಿದ್ದರೂ ಮುಖ್ಯವಾದದ್ದು ಸ್ಪಷ್ಟವಾಗಿತ್ತು. ಒಳಗೆ ಮೇಲಿನಿಂದ ಉದ್ದಕ್ಕೆ ಕೊಯ್ದಿದೆ. ಮುಂದಿನ ಸಲ ನೋವು ಬರುವ ಮೊದಲೇ ದವಾಖಾನೆಗೆ ಬರಬೇಕು. ಮನೆಯಲ್ಲಿ ಹೆರಿಗೆ ಕೂಡದು.

ರೇಣವ್ವ ಎರಡು ಸಲ ಓದಿಸಿದಳು. ನೀಲವ್ವನ ದಾರಿ ತನ್ನದಲ್ಲವೆಂದು ತಿಳಿದು ಅತ್ತಳು. ಆಮೇಲೆ ಕಣ್ಣೊರೆಸಿಕೊಂಡು, ಗದಗಿಗೆ ಯಾವ ವಾರ ಹೊರಡಬೇಕೆಂದು ಚಮನಬಿಯನ್ನು ಕೇಳಿದಳು.

ಒಂಬತ್ತು ತುಂಬುವ ಮೊದಲೇ ಹೋದಳು. ತಾನು ಬರುವುದಿಲ್ಲವೆಂದು ಹಟ ಹಿಡಿದಿದ್ದ ಫಕೀರವ್ವ ಕೊನೆಗೆ ಬುತ್ತಿ ಕಟ್ಟಿಕೊಂಡು ಚಕ್ಕಡಿ ಹತ್ತಿದಳು. ಅಲ್ಲಿ ಕೊಯ್ದು ಕೂಸನ್ನು ತೆಗೆದ ಡಾಕ್ಟರಮ್ಮ, ಒಳಗಿನ ಹಳೆಯ ಗಾಯ ಹಾಳೆಯಷ್ಟು ತೆಳ್ಳಗಾಗಿತ್ತು, ನೋವು ಬಂದಿದ್ದರೆ ಹರಿದು ಇಬ್ಬರೂ ಹೋಗಬಹುದಿತ್ತು ಎಂದರಂತೆ. ಫಕೀರವ್ವ ಆ ಮಾತನ್ನು ಎರಡು ಸಲ ಹೇಳಿಸಿಕೊಂಡಳಂತೆ.

ಹದಿನೈದು ದಿನಕ್ಕೆ ಚಕ್ಕಡಿ ಮನೆಯ ಮುಂದೆ ಬಂದು ನಿಂತಿತು. ನೆರೆಮನೆಯ ಹುಚ್ಚವ್ವ ಇಣುಕಿ, ಈ ಸಲವೂ ತೆಗೆಸಿಕೊಂಡಳೇ ಎಂದು ಕೇಳಿದಳು. ಫಕೀರವ್ವ ಹಸುಗೂಸನ್ನು ಎದೆಗವಚಿಕೊಂಡು ಸೊಸೆಯ ಕೈಹಿಡಿದು ಇಳಿಸುತ್ತಿದ್ದಳು.

“ನನ್ನ ಸೊಸಿ ಹಡದಾಳ,” ಎಂದಳು.

ಆಮೇಲೆ ನನ್ನ ಕೋಣೆಗೆ ಬಂದು, ಸೆರಗಿನ ಗಂಟು ಬಿಚ್ಚಿ, ದವಾಖಾನೆಯ ಹೊಸ ಚೀಟಿಯೊಂದನ್ನು ಕೈಗಿಟ್ಟಳು.

“ಮೊದ್ಲ ಓದ್ರಿ ಅಕ್ಕೋರ. ಕಟ್ಟೂದು ಆಮ್ಯಾಲ.”