ಕತ್ತಲಲ್ಲಿಟ್ಟ ಮುಖ

ಬಸ್ ನಿಲ್ದಾಣದ ಗೋಡೆಯ ಮೇಲೆ ನನ್ನ ಮುಖ ಆಳೆತ್ತರಕ್ಕೆ ನಿಂತಿತ್ತು. ತರಕಾರಿ ಚೀಲ ಅಲ್ಲೇ ಬಿಟ್ಟು, ತಲೆ ತಗ್ಗಿಸಿ, ಅಣ್ಣನ ಸ್ಟುಡಿಯೋಗೆ ಓಡಿದೆ.

ಗಂಡನ ಹೊಡೆತ ತಾಳಲಾರದೆ ಓಡಿಬಂದವಳು ನಾನು. ಹುಡುಕಿ ಕೊಲ್ಲುತ್ತೇನೆ ಎಂದು ಅವನು ಕಂಡಕಂಡವರ ಮುಂದೆ ಹೇಳಿಕೊಂಡು ತಿರುಗುತ್ತಿದ್ದಾನೆ. ಉಳಿದ ಯಾವ ಮಾತನ್ನೂ ಉಳಿಸಿಕೊಳ್ಳದ ಆಸಾಮಿ ಇಂಥ ಮಾತಿಗೆ ಮಾತ್ರ ತಪ್ಪುವುದಿಲ್ಲ. ಅಣ್ಣ ಎಂದರೆ ದೊಡ್ಡಮ್ಮನ ಮಗ. ಜಗಳವಾಡಿ ಮನೆ ಬಿಟ್ಟವನು, ನನ್ನ ಮದುವೆಗೂ ಬರಲಿಲ್ಲ. ಗಂಡ ಅವನ ಮುಖ ಕಂಡಿಲ್ಲ, ಹೆಸರೂ ಕೇಳಿಲ್ಲ. ಅದಕ್ಕೇ ಇಲ್ಲಿ ಅಡಗಿದ್ದೆ.

ಸ್ಟುಡಿಯೋದ ಕಿಟಕಿ ಬಳಿ ನಾನು ಫೋಟೋಗಳಿಗೆ ಕಟ್ಟು ಹಾಕುತ್ತಿದ್ದಾಗ ಅಣ್ಣ ತೆಗೆದ ಚಿತ್ರ ಅದು. ಬೆಳಕೆಲ್ಲ ಕೈಗಳ ಮೇಲೆ, ಮುಖ ಪೂರ್ತಿ ಕತ್ತಲು. ನನಗೆ ತೋರಿಸಿ, ಒಪ್ಪಿಸಿಯೇ ಬಡಾವಣೆ ಸಂಘದ ಸ್ಪರ್ಧೆಗೆ ಕಳಿಸಿದ್ದ. ಈಗ ಗೋಡೆಯ ಮೇಲೆ ಕತ್ತಲಿಲ್ಲ. ಹುಬ್ಬಿನ ಮೇಲಿನ ಕಲೆ ಕೂಡ ಕಾಣುತ್ತಿತ್ತು, ಗಂಡನೇ ಮಾಡಿದ ಕಲೆ.

ಅಣ್ಣ ನನ್ನೊಬ್ಬಳನ್ನೇ ಬಿಡಲಾರದೆ ಜೊತೆಗೇ ಸಂಘದ ಕಚೇರಿಗೆ ಕರೆದೊಯ್ದ. ಕಾರ್ಯದರ್ಶಿ ಒಳ್ಳೆಯ ಮನುಷ್ಯ, ಅದೇ ತಲೆನೋವು. ಕುರ್ಚಿ ಹಾಕಿಸಿದರು, ಬಹುಮಾನ ಬಂತೆಂದು ಕೈ ಕುಲುಕಿದರು.

"ಅಷ್ಟು ಒಳ್ಳೇ ಮುಖ ಕತ್ತಲಲ್ಲಿ ಹಾಳಾಗ್ತಿತ್ತು. ನಮ್ಮೋರು ಕಂಪ್ಯೂಟರಲ್ಲಿ ಸ್ವಲ್ಪ ಬೆಳಕು ಮಾಡಿದ್ರು, ಅಷ್ಟೇ."

ಫೋಟೋದ ಕತ್ತಲೊಳಗೆ ಮುಖ ಇದ್ದೇ ಇರುತ್ತದೆ, ಎಳೆದರೆ ಹೊರಬರುತ್ತದೆ ಎಂದು ಅಣ್ಣನಿಗೆ ಗೊತ್ತು. ಆದರೆ ತೆಗೆದವನನ್ನು ಕೇಳದೆ ಎಳೆಯುವವರು ಇರುತ್ತಾರೆಂದು ಅವನು ಎಣಿಸಿರಲಿಲ್ಲ. ತನ್ನನ್ನು ಕೇಳಬೇಕಿತ್ತು ಎಂದ. ಕಳಿಸಿದ ಮೇಲೆ ಚಿತ್ರ ಸಂಘದ್ದು, ತಿದ್ದುವ ಹಕ್ಕೂ ಸಂಘದ್ದು, ನಿಯಮ ಒಪ್ಪಿದವರು ನೀವೇ ಎಂದು ಕಾರ್ಯದರ್ಶಿ ನಯವಾಗಿಯೇ ಹೇಳಿದರು. ಇವಳ ಜೀವದ ಪ್ರಶ್ನೆ ಎಂದು ಅಣ್ಣ ಕೈಮುಗಿದಾಗ ಪಾಪ, ಗಾಬರಿಬಿದ್ದು, ಇವತ್ತೇ ತೆಗೆಸುತ್ತೇನೆ ಎಂದರು. ನನಗೆ ಹೋದ ಉಸಿರು ಬಂತು.

ಆಮೇಲೆ ನಮ್ಮನ್ನು ಸಮಾಧಾನ ಮಾಡಲೆಂದೇ ಇನ್ನೊಂದು ಮಾತು ಸೇರಿಸಿದರು.

"ಹೋದ್ಸಲ ಹೆಸರು ಹಾಕಿಲ್ಲ ಅಂತ ಎಷ್ಟು ಜಗಳ ಮಾಡಿದ್ರಿ. ಈ ಸಲ ನೋಡಿ, ನಿಮ್ಮ ಹೆಸರು, ಸ್ಟುಡಿಯೋ ವಿಳಾಸ ಎಲ್ಲಾ ಹಾಕ್ಸಿದೀನಿ. ಬೆಳಗ್ಗೆ ಒಬ್ರು ಫೋನ್ ಕೂಡ ಮಾಡಿದ್ರು, ಸ್ಟುಡಿಯೋ ಎಷ್ಟೊತ್ತಿಗೆ ತೆಗೀತಾರೆ ಅಂತ."

ಅಣ್ಣ ನನ್ನ ಕೈ ಹಿಡಿದು ಎಬ್ಬಿಸಿಕೊಂಡು ಹೊರಟ. ಹೆಸರಿಗಾಗಿ ಅವನು ಊರೆಲ್ಲ ಜಗಳ ಕಾದವನು. ಇವನಿಗೆ ಹೆಸರಿನ ಹುಚ್ಚು ಎಂದು ನಾನೇ ಆಡಿಕೊಂಡು ನಗುತ್ತಿದ್ದೆ. ಸ್ಟುಡಿಯೋ ತಲುಪಿದವನೇ ಏಣಿ ಹತ್ತಿ, ತನ್ನ ಹೆಸರನ್ನು ತಾನೇ ಕೂತು ಬರೆದ ಬೋರ್ಡನ್ನು ಕಿತ್ತು ಒಳಗೆ ತಂದು ಗೋಡೆಗೆ ಮುಖ ಮಾಡಿ ಇಟ್ಟ. ಸಂಜೆಯ ಬಸ್ಸಿಗೆ ನಿನ್ನನ್ನು ಬೇರೆ ಊರಿನ ಸ್ನೇಹಿತನ ಮನೆಗೆ ಬಿಟ್ಟುಬರುತ್ತೇನೆ, ಬಟ್ಟೆ ತುಂಬಿಕೋ ಎಂದ.

ನಾನು ಫೋಟೋಗೆ ಹಿನ್ನೆಲೆಯಾಗಿ ಇಳಿಬಿಟ್ಟ ನೀಲಿ ಪರದೆಯ ಹಿಂದಿದ್ದ ಚೀಲಕ್ಕೆ ಬಗ್ಗಿದ್ದೆ. ಬಾಗಿಲು ಸದ್ದಾಯಿತು.

"ಬಸ್ ಸ್ಟ್ಯಾಂಡಲ್ಲಿರೋ ಆ ಫೋಟೋ ತೆಗೆದೋರು ನೀವೇನಾ?"

ಆ ದನಿಯನ್ನು ನಾನು ನಿದ್ದೆಯಲ್ಲೂ ಗುರುತಿಸಬಲ್ಲೆ. ಬಗ್ಗಿದವಳು ಬಗ್ಗಿದಂತೆಯೇ ಉಳಿದೆ.

ಯಾರಾದರೂ ಒಂದು ದಿನ ಬಂದು ಹೀಗೆ ಕೇಳಲಿ ಎಂದು ಅಣ್ಣ ಇಷ್ಟು ವರ್ಷ ಕಾದಿದ್ದ.

"ನಾನಲ್ಲ," ಎಂದ. "ನಾನು ಬರೀ ಪಾಸ್‌ಪೋರ್ಟ್ ಸೈಜ್ ತೆಗಿಯೋನು. ಅವನು ಅಂಗಡಿ ನನಗೆ ಮಾರಿ ಹೋದ."

ಹೆಜ್ಜೆ ಹೊರಗೆ ಹೋಗಲಿಲ್ಲ. ಬಂದದ್ದಾಯಿತು, ನನ್ನದೇ ಒಂದು ತೆಗೆಯಿರಿ ಎಂದು ಗಂಡ ಸ್ಟೂಲಿನ ಮೇಲೆ ಕೂತ. ಅವನ ಬೆನ್ನಿಗೂ ನನಗೂ ನಡುವೆ ಪರದೆಯೊಂದೇ. ಅವನು ಉಸಿರು ಬಿಟ್ಟರೆ ನನಗೆ ಕೇಳುತ್ತಿತ್ತು.

ಗದ್ದ ಸ್ವಲ್ಪ ಮೇಲೆ, ನನ್ನ ಕಡೆಗೇ ನೋಡಿ, ತಿರುಗಬೇಡಿ ಎಂದು ಅಣ್ಣ ಎಲ್ಲರಿಗೂ ಹೇಳುವಂತೆಯೇ ಹೇಳಿದ. ಇನ್ನೊಂದು ತೆಗೆಯುತ್ತೇನೆ ಎಂದ, ಮತ್ತೆ ಇನ್ನೊಂದು ಎಂದ. ನಾನು ಚಪ್ಪಲಿ ಕಳಚಿ ಕೈಯಲ್ಲಿ ಹಿಡಿದು, ಒಂದೊಂದು ಕ್ಲಿಕ್ಕಿಗೆ ಒಂದೊಂದೇ ಹೆಜ್ಜೆ ಹಿತ್ತಲ ಬಾಗಿಲ ಕಡೆ ಸರಿದೆ.