ಜೋಡಿ ಸೂಕ್ತವಲ್ಲ

ನನ್ನ ಮೈದುನನಷ್ಟು ಅಗ್ಗದ ದಾನಶೂರನನ್ನು ನಾನು ಬೇರೆಲ್ಲೂ ಕಂಡಿಲ್ಲ. ನನ್ನ ಗಂಡನ ಎರಡೂ ಕಿಡ್ನಿ ಕೈಕೊಟ್ಟಿವೆ, ಡಯಾಲಿಸಿಸ್ ನಂಬಿಕೊಂಡು ಬಹಳ ಕಾಲ ಎಳೆಯಲಾಗುವುದಿಲ್ಲ, ಮನೆಯವರು ಯಾರಾದರೂ ಒಂದು ಕಿಡ್ನಿ ಕೊಟ್ಟರೆ ಬದುಕುತ್ತಾರೆ ಎಂದು ಡಾಕ್ಟರು ಹೇಳಿದ ವಾರವೇ ಅತ್ತೆ ನೆಂಟರನ್ನೆಲ್ಲ ಕೂಡಿಸಿದರು. ನನಗೆ ಸಕ್ಕರೆ ಕಾಯಿಲೆ, ಅತ್ತೆಗೆ ವಯಸ್ಸು, ನಾವಿಬ್ಬರೂ ಲೆಕ್ಕಕ್ಕಿಲ್ಲ. ಉಳಿದವನು ಮೈದುನನೊಬ್ಬ. ಎಲ್ಲರೆದುರು ಎದ್ದು ನಿಂತು, ಅಣ್ಣನಿಗೆ ತಾನಲ್ಲದೆ ಇನ್ಯಾರು ಕೊಡಬೇಕು ಎಂದು ಎದೆ ತಟ್ಟಿಕೊಂಡ. ಅತ್ತೆ ಅತ್ತರು. ಅತ್ತೆಯ ತಮ್ಮ ಬಂದು ಇವನ ಬೆನ್ನು ಚಪ್ಪರಿಸಿದರು. ನಾನು ಮಾತ್ರ ಇವನ ಅಂಗಡಿಯ ಗೋಡೆಯನ್ನು ನೆನಪಿಸಿಕೊಂಡೆ. ವರ್ಷ ವರ್ಷವೂ ರಕ್ತದಾನ ಮಾಡಿ ತಂದ ಪ್ರಶಸ್ತಿಪತ್ರಗಳನ್ನು ಅಲ್ಲಿ ಸಾಲಾಗಿ ನೇತುಹಾಕಿದ್ದಾನೆ. ಅವನ ರಕ್ತ ‘ಬಿ’, ಅಣ್ಣನದು ‘ಎ’. ಹೊಂದುವುದಿಲ್ಲ ಎನ್ನುವುದು ಅಲ್ಲಿದ್ದವರಲ್ಲಿ ಇನ್ಯಾರಿಗಿಂತಲೂ ಚೆನ್ನಾಗಿ ಅವನಿಗೇ ಗೊತ್ತಿತ್ತು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು, ಹೆಸರು ಮಾತ್ರ ಬರಬೇಕು.

ಅಣ್ಣತಮ್ಮಂದಿರಿಬ್ಬರದೂ ಬೀಗ ರಿಪೇರಿ ಮಾಡುವ, ಕೀ ಕೊರೆಯುವ ಕೆಲಸ. ತಮ್ಮನಿಗೆ ಕಲಿಸಿದವರು ನನ್ನ ಗಂಡನೇ. ಕಲಿತಾದ ಮೇಲೆ ಅವನು ರಸ್ತೆಯ ಆಚೆ ಬದಿಗೆ, ಇವರ ಅಂಗಡಿಗೆ ಸರಿಯಾಗಿ ಎದುರಿಗೇ ತನ್ನದೊಂದು ಅಂಗಡಿ ಇಟ್ಟ. ಅಂದಿನಿಂದ ಇಬ್ಬರಿಗೂ ಎಣ್ಣೆ ಸೀಗೆಕಾಯಿ. ಇವರು ಡಯಾಲಿಸಿಸ್‌ಗೆ ಹೋದ ದಿನ ಷಟರ್ ಮುಚ್ಚಿರುತ್ತದೆ. ಬಂದ ಗಿರಾಕಿ ಹಿಂದಿರುಗಿ ನೋಡಿದರೆ ಅಲ್ಲೇ ತಮ್ಮನ ನಗುಮುಖ. ಇಂಥವನು ಕಿಡ್ನಿ ಕೊಡುತ್ತಾನೆಂದು ಊರೆಲ್ಲ ಹೊಗಳುವುದನ್ನು ಕೇಳಿ ನನ್ನ ಹೊಟ್ಟೆ ಉರಿದುಹೋಯಿತು.

ರಕ್ತ ಹೊಂದುವುದಿಲ್ಲ ಎಂದು ಆಸ್ಪತ್ರೆಯವರು ಹೇಳಿದಾಗ ಅವನು ಮುಖ ಜೋಲು ಹಾಕಿಕೊಂಡು ಮನೆಮನೆಗೂ ಹೋಗಿ ಸಮಾಧಾನ ಹೇಳಿಸಿಕೊಂಡು ಬಂದ. ಆದರೆ ದಾನಿಗಳನ್ನೂ ರೋಗಿಗಳನ್ನೂ ಹೊಂದಿಸುವುದಕ್ಕೆಂದೇ ಆಸ್ಪತ್ರೆಯಲ್ಲಿ ಒಬ್ಬಾಕೆ ಇದ್ದಾರೆ, ಜೋಡಿ ಮೇಡಂ ಎಂದೇ ನಾವು ಕರೆಯುತ್ತಿದ್ದುದು. ಅವರು ನಮ್ಮನ್ನೆಲ್ಲ ಕೂರಿಸಿಕೊಂಡು ಹೊಸ ದಾರಿ ಹೇಳಿದರು. ಇನ್ನೊಂದು ಮನೆಯಲ್ಲಿ ಗಂಡನದು ‘ಬಿ’, ಕೊಡಲು ಸಿದ್ಧಳಿರುವ ಹೆಂಡತಿಯದು ‘ಎ’. ಅವರದೂ ನಮ್ಮ ಹಾಗೆಯೇ ಹೊಂದದ ಜೋಡಿ. ಆಕೆಯ ಕಿಡ್ನಿ ನನ್ನ ಗಂಡನಿಗೆ, ಮೈದುನನ ಕಿಡ್ನಿ ಆಕೆಯ ಗಂಡನಿಗೆ, ಅದಲುಬದಲು. ನಮಗೆ ಸುಲಭವಾಗಿ ತಿಳಿಯಲೆಂದು, ನಿಮ್ಮ ಕೀ ಅವರ ಬೀಗಕ್ಕೆ, ಅವರ ಕೀ ನಿಮ್ಮ ಬೀಗಕ್ಕೆ ಎಂದರು. ಬೀಗದ ವಿಷಯದಲ್ಲಿ ಯಾರು ಬಾಯಿ ಹಾಕಿದರೂ ಸಿಡುಕುವ ನನ್ನ ಗಂಡ ಆವತ್ತು ಸುಮ್ಮನೆ ಕೂತಿದ್ದರು. ನನ್ನ ಕಣ್ಣೆಲ್ಲ ಮೈದುನನ ಮೇಲೆ. ಇಂಗು ತಿಂದ ಮಂಗನ ಹಾಗೆ ಆಗಿತ್ತು ಅವನ ಮುಖ. ದೇವರಾಣೆ, ಮದುವೆಯಾದ ಮೇಲೆ ಅಷ್ಟು ಖುಷಿ ನನಗೆ ಎಂದೂ ಆಗಿರಲಿಲ್ಲ.

ಎಲ್ಲ ಪರೀಕ್ಷೆಗಳೂ ಆದವು, ಎಲ್ಲವೂ ಸರಿ ಎಂದರು. ಕೊನೆಗೆ ಜೋಡಿ ಮೇಡಂ ಒಬ್ಬೊಬ್ಬರನ್ನೇ ಒಳಗೆ ಕರೆದು, ಬಾಗಿಲು ಹಾಕಿಕೊಂಡು ಮಾತಾಡಿದರು. ಒಳಗಿನ ಮಾತು ಮನೆಯವರಿಗೂ ಹೇಳುವುದಿಲ್ಲ, ಅದು ಅಲ್ಲಿಯ ಕಟ್ಟುನಿಟ್ಟು. ಎರಡು ದಿನ ಬಿಟ್ಟು ನನ್ನ ಫೋನಿಗೆ ಕರೆ ಬಂತು. ನಿಮ್ಮ ಜೋಡಿ ಸೂಕ್ತವಲ್ಲ, ಅದಲುಬದಲು ಇಲ್ಲಿಗೆ ನಿಂತಿತು, ಆ ಮನೆಯವರಿಗೆ ಬೇರೆ ಜೋಡಿ ಹುಡುಕುತ್ತೇವೆ ಎಂದರು. ಯಾಕೆ ಎಂದು ಕೇಳಿದೆ. ಅದನ್ನು ಹೇಳುವ ಹಾಗಿಲ್ಲ ಎಂದರು.

ಹೇಳಬೇಕಾದ್ದೇನಿದೆ? ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಚಪ್ಪಲಿ ಮೆಟ್ಟಿಕೊಂಡು ಸೀದಾ ಮೈದುನನ ಅಂಗಡಿಗೆ ನಡೆದೆ. ಅವನು ಕೀ ಕೊರೆಯುತ್ತಿದ್ದ, ಕಟ್ಟೆಯ ಮುಂದೆ ಇಬ್ಬರು ಗಿರಾಕಿಗಳಿದ್ದರು. ಅವರಿದ್ದಾರೆಂದು ನಾನು ದನಿ ತಗ್ಗಿಸಲಿಲ್ಲ, ಅವರಿದ್ದಾರೆಂದೇ ಏರಿಸಿದೆ. ಹೇಡಿ ಎಂದೆ, ನಾಟಕದವನು ಎಂದೆ, ಅನ್ನ ಹಾಕಿದ ಕೈ ಕಚ್ಚಿದವನು ಎಂದೆ. ಗೋಡೆಯ ಮೇಲಿನ ಒಂದು ಪ್ರಶಸ್ತಿಪತ್ರ ಕಿತ್ತು ಅವನ ಮುಂದೆ ಬಿಸಾಕಿದೆ. ಗಿರಾಕಿಗಳು ಜಾರಿಕೊಂಡರು. ಅವನು ಮೆಷಿನ್ ಆರಿಸಿದ. ನಾನು ಉಸಿರು ತೆಗೆದುಕೊಳ್ಳಲು ನಿಲ್ಲಿಸುವವರೆಗೂ ಕಾದ.

“ಅತ್ತಿಗೆ, ನಾನು ಹೂಂ ಅಂದಿದ್ದೆ,” ಎಂದ.

ನಂಬಲಿಲ್ಲ. ನಂಬದಿದ್ದುದು ಮುಖದಲ್ಲಿ ಕಂಡಿರಬೇಕು.

“ಮೊದಲು ಹೇಳಿದ್ದು ಬರೀ ಬಾಯಿಮಾತು, ಸುಳ್ಳು ಹೇಳಲ್ಲ. ಹೊಂದಲ್ಲ ಅಂತ ಗೊತ್ತಿದ್ದೇ ಹೇಳಿದ್ದು. ಆಮೇಲೆ ಆ ಮೇಡಂ, ನೀವು ಬೇಡ ಅಂದ್ರೂ ಯಾರಿಗೂ ಹೇಳಲ್ಲ ಅಂದ್ರು. ಅಷ್ಟು ಸಲೀಸಾಗಿ ಬಿಟ್ಟುಬಿಟ್ರಲ್ಲ, ಆಗ ಬೇಡ ಅನ್ನೋಕೆ ನಾಚಿಕೆಯಾಯ್ತು.” ಕೆಳಗೆ ಬಿದ್ದ ಪ್ರಶಸ್ತಿಪತ್ರವನ್ನು ಎತ್ತಿಕೊಂಡ, ನೇತುಹಾಕಲಿಲ್ಲ. “ನನಗೂ ಸೂಕ್ತವಲ್ಲ ಅಂತ ಫೋನ್ ಬಂತು. ನನ್ನ ಒಳಗೇನಾದ್ರೂ ಕಾಯಿಲೆ ಇದೆಯಾ, ಅತ್ತಿಗೆ? ನಿಮ್ಮ ಹತ್ರ ಏನಾದ್ರೂ ಅಂದ್ರಾ?”

ಅವನ ತುಟಿ ಒಣಗಿತ್ತು. ಪಾಪ ಅನ್ನಿಸಬೇಕಿತ್ತು, ಅನ್ನಿಸಲಿಲ್ಲ. ಸ್ವಲ್ಪ ಹೆದರಲಿ ಎಂದುಕೊಂಡು ಏನೂ ಹೇಳದೆ ಹೊರಬಿದ್ದೆ. ರಸ್ತೆ ದಾಟುವಾಗ ಮಾತ್ರ ತಲೆ ಕೆಲಸ ಮಾಡತೊಡಗಿತು. ಎಲ್ಲ ಪರೀಕ್ಷೆಯೂ ಸರಿ ಎಂದಿದ್ದರು. ಇವನು ಒಪ್ಪಿದ್ದ. ಜೋಡಿ ಎಂದರೆ ಇಬ್ಬರು ಎನ್ನುವಷ್ಟು ನನಗೆ ಹೊಳೆದಿರಲಿಲ್ಲ. ಒಳಗೆ ಕರೆದು ಕೇಳಿದ್ದು ಕೊಡುವವನನ್ನು ಮಾತ್ರವಲ್ಲ, ತೆಗೆದುಕೊಳ್ಳುವವರನ್ನೂ ಕೇಳಿದ್ದರು.

ಆಸ್ಪತ್ರೆ ತಲುಪಿದಾಗ ನನ್ನ ಗಂಡ ಡಯಾಲಿಸಿಸ್ ಕುರ್ಚಿಯಲ್ಲಿದ್ದರು, ಸರದಿ ಮುಗಿದಿತ್ತು. ನರ್ಸು ತೋಳಿನಿಂದ ಸೂಜಿ ತೆಗೆದು, ಆ ಜಾಗದ ಮೇಲೆ ಬಟ್ಟೆಯ ಮಡಿಕೆ ಇಟ್ಟು, ಎಂದಿನಂತೆ ಒತ್ತಿ ಹಿಡಿಯಲು ನನಗೆ ಬಿಟ್ಟು ಹೋದಳು. ರಕ್ತ ನಿಲ್ಲುವವರೆಗೆ ಒತ್ತುವುದು ಮೊದಲಿನಿಂದಲೂ ನನ್ನ ಕೆಲಸ. ಒತ್ತಿ ಹಿಡಿದುಕೊಂಡೇ, ಜೋಡಿ ಮೇಡಂಗೆ ನೀವು ಏನು ಹೇಳಿದಿರಿ ಎಂದು ಕೇಳಿದೆ. ಅವರು ಮುಚ್ಚಿಡಲೂ ಇಲ್ಲ.

“ಬೇಡ ಅಂದೆ. ಅವನಿಂದ ನಾನು ಬದುಕೋದಾ? ಎದುರಿಗೇ ಕೂತಿರ್ತಾನೆ. ನಾನು ಷಟರ್ ತೆಗೆದಾಗಲೆಲ್ಲ, ಇವನು ನನ್ನಿಂದ ಉಳಿದೋನು ಅಂತ ನೋಡ್ತಾನೆ. ಅದಕ್ಕಿಂತ ಈ ಕುರ್ಚಿನೇ ವಾಸಿ.”

ಜಟ್ಟಿ ಕೆಳಗೆ ಬಿದ್ದರೂ ಮೀಸೆ ಮಣ್ಣಾಗಬಾರದು. ಇವರ ಮೀಸೆಗಾಗಿ, ಮುಖವನ್ನೇ ನೋಡದ ಇನ್ನೊಬ್ಬ ಹೆಂಗಸಿನ ಗಂಡನೂ ಎಲ್ಲೋ ಇಂಥದೇ ಕುರ್ಚಿಯಲ್ಲಿ ಕೂರಬೇಕಾಗಿತ್ತು. ಅದನ್ನು ಹೇಳಿದೆ. ಅವರಿಗೆ ಇನ್ಯಾರಾದರೂ ಸಿಗುತ್ತಾರೆ ಎಂದರು. ತಮ್ಮನ ಮೇಲೆ ಇಷ್ಟು ದಿನ ಸುರಿದ ದ್ವೇಷವೆಲ್ಲ ವಿಳಾಸ ತಪ್ಪಿ ಹೋಗಿತ್ತು.

“ಈ ಕುರ್ಚಿ ವಾಸಿ ಅನ್ನೋಕೆ ಮುಂಚೆ, ಅದರ ಪಕ್ಕ ನಿಂತಿರೋಳನ್ನ ಒಂದು ಮಾತು ಕೇಳಬೇಕು ಅನ್ನಿಸಲಿಲ್ವಾ?”

“ನಿನ್ನ ಕೇಳೋದೇನಿದೆ?” ಎಂದರು, ನಿಜವಾಗಿಯೂ ಅರ್ಥವಾಗದವರ ಹಾಗೆ. “ಕಿಡ್ನಿ ನನ್ನದು.”

ನಾನು ಕೈ ತೆಗೆದೆ. ಬಟ್ಟೆ ಕೆಂಪಾಗಿ ಅಂಚಿನಿಂದ ರಕ್ತ ಇಳಿಯತೊಡಗಿತು. ಅವರು ತೋಳು ನೋಡಿದರು, ನನ್ನನ್ನು ನೋಡಿದರು, ಮತ್ತೆ ಒತ್ತುತ್ತೇನೆಂದು ಕಾದರು.

“ಒತ್ಕೊಳ್ಳಿ,” ಎಂದೆ. “ಕೈನೂ ನಿಮ್ಮದೇ.”

ನರ್ಸು ಓಡಿ ಬರುವಷ್ಟರಲ್ಲಿ ಅವರೇ ಇನ್ನೊಂದು ಕೈಯಿಂದ ಒತ್ತಿ ಹಿಡಿದಿದ್ದರು. ನಾನು ಚೀಲ ಎತ್ತಿಕೊಂಡು ಹೊರಗೆ ಬಂದೆ.