ಎರವಲು ಬೆರಳು

ಇಸ್ತ್ರಿ ಅಂಗಡಿಯ ಯಜಮಾನಿಗೆ ಯಾರ ಭಯವೂ ಇರಲಿಲ್ಲ. ಬಾಡಿಗೆ ಏರಿಸಲು ಬಂದ ಮನೆ ಮಾಲೀಕನನ್ನೇ ಬೆವರಿಳಿಸಿ ಕಳಿಸಿದ ಹೆಂಗಸು ಅವಳು. ಹೆದರುತ್ತಿದ್ದದ್ದು ಇನ್ಸುಲಿನ್ ಸೂಜಿಗೆ ಮಾತ್ರ. ಅವಳ ಅಕ್ಕನಿಗೆ ಸಕ್ಕರೆ ಕಾಯಿಲೆ ವಿಪರೀತವಾಗಿ ಸೂಜಿ ಶುರು ಮಾಡಿದ್ದರು, ಆ ವರ್ಷ ದಾಟುವ ಮೊದಲೇ ಅಕ್ಕ ತೀರಿಕೊಂಡಿದ್ದಳು. ಕೊಂದದ್ದು ಸೂಜಿಯೇ ಎಂದು ತಂಗಿ ತೀರ್ಮಾನಿಸಿಬಿಟ್ಟಳು. ಜಪ್ಪಯ್ಯ ಅಂದರೂ ಆ ತೀರ್ಮಾನ ಅಲುಗಾಡುವಂತಿರಲಿಲ್ಲ.

ಹೀಗಿರುವಾಗ ಅವಳಿಗೂ ಸಕ್ಕರೆ ಕಾಯಿಲೆ ಕಾಣಿಸಿಕೊಂಡು ಮಾತ್ರೆ ಶುರುವಾಯಿತು, ಅದೇ ಹೊತ್ತಿಗೆ ಅವರ ಬಡಾವಣೆಗೆ ಸಕ್ಕರೆ ಅಳೆಯುವ ಹೊಸ ಮೀಟರು ಬಂತು. ಡಾಕ್ಟರು ಕಾಲಿಡದ ಬೀದಿಗಳಿಗೆಂದೇ ಮಾಡಿದ ಏರ್ಪಾಡು. ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಬೆರಳು ಚುಚ್ಚಿ ಒಂದು ಹನಿ ರಕ್ತ ತೋರಿಸಿದರೆ ಸಾಕು, ಅಂಕಿ ಅವಳ ಮಗಳ ಮೊಬೈಲಿಗೆ ಹೋಗಿ, ಅಲ್ಲಿಂದ ಎಲ್ಲೋ ಕುಳಿತ ಡಾಕ್ಟರ ಪರದೆ ಸೇರುತ್ತಿತ್ತು. ಸರಿಯಿದ್ದರೆ ಹಸಿರು, ಇಲ್ಲದಿದ್ದರೆ ಕೆಂಪು. ಕೆಂಪು ಹೀಗೇ ಮುಂದುವರಿದರೆ ಸೂಜಿಯೇ ಗತಿ ಎಂದು ಮನೆಮನೆ ಸುತ್ತುವ ಆರೋಗ್ಯ ಕೇಂದ್ರದ ನರ್ಸಮ್ಮ ಮೊದಲೇ ಹೇಳಿದ್ದಳು.

ಬಂದದ್ದೆಲ್ಲ ಕೆಂಪೇ. ಒಂದು ಬೆಳಿಗ್ಗೆ ಅಮ್ಮ ಮೆತ್ತಗೆ ಕೇಳಿದಳು, "ಇವತ್ತೊಂದಿನ ನಿನ್ನ ಬೆರಳು ಕೊಡೇ."

"ತಲೆ ಕೆಟ್ಟಿದೆಯೇನಮ್ಮಾ? ನಿನ್ನ ಮೀಟರಿಗೆ ನನ್ನ ರಕ್ತಾನಾ?"

"ನಿನ್ನದು ಅಂದ್ರೆ? ಕೊಟ್ಟೋಳು ನಾನೇ ತಾನೆ? ಒಂದು ಹನಿ ವಾಪಸ್ ಕೇಳಿದ್ರೆ ಎಷ್ಟು ಜಿಪುಣತನ ಮಾಡ್ತೀಯೇ!"

ಮಗಳಿಗೆ ನಗು ತಡೆಯಲಾಗಲಿಲ್ಲ. ನಕ್ಕ ಮೇಲೆ ಇಲ್ಲವೆನ್ನುವುದು ಹೇಗೆ? ಬೆರಳು ಕೊಟ್ಟಳು. ಹಸಿರು ಬಂತು. ಅಮ್ಮ ಪರೀಕ್ಷೆ ಪಾಸಾದ ಹುಡುಗಿಯ ಹಾಗೆ ಹಿಗ್ಗಿದಳು. ಇವತ್ತೊಂದಿನ ಎಂದದ್ದು ದಿನದ ಅಭ್ಯಾಸವಾಯಿತು.

ನರ್ಸಮ್ಮ ಬರುವುದು ನಿಂತಿತು. ಪಾಪ, ಕೆಂಪು ಮನೆಗಳನ್ನು ಸುತ್ತುವುದಕ್ಕೇ ಅವಳಿಗೆ ದಿನ ಸಾಲದು, ಹಸಿರು ಮನೆಗೆ ಯಾಕೆ ಬಂದಾಳು?

ಆಮೇಲೊಂದು ದಿನ ಆರೋಗ್ಯ ಕೇಂದ್ರದ ಪರದೆಯ ಮೇಲೆ ಡಾಕ್ಟರು ಕಾಣಿಸಿಕೊಂಡರು. "ಭೇಷ್ ಕಣಮ್ಮಾ! ಎಲ್ಲರೂ ನಿಮ್ಮನ್ನ ನೋಡಿ ಕಲೀಬೇಕು. ಮಾತ್ರೆ ಅರ್ಧ ಮಾಡೋಣ."

ಮಗಳು ಪರದೆಯ ಕಡೆ ಬಾಗಿದಳು. ಹೇಳಿಬಿಡಬೇಕೆಂದು ಬಾಯಿ ತೆರೆದಳು. ಮೇಜಿನ ಕೆಳಗೆ ಅಮ್ಮ ಅವಳ ಮಣಿಕಟ್ಟು ಹಿಡಿದುಕೊಂಡಳು. ಬೇಡ ಕಣೇ ಎಂದು ಕಣ್ಣಲ್ಲೇ ಬೇಡಿಕೊಂಡಳು. ಅಮ್ಮನನ್ನು ಅಷ್ಟು ಸಣ್ಣವಳಾಗಿ ಮಗಳು ಎಂದೂ ಕಂಡಿರಲಿಲ್ಲ. ಅಯ್ಯೋ, ಆಗಲಾದರೂ ಹೇಳಬಾರದಿತ್ತೇ! ಅವಳು ಬಾಯಿ ಮುಚ್ಚಿಕೊಂಡಳು.

ಮಳೆಗಾಲ ಮುಗಿಯುವ ಹೊತ್ತಿಗೆ ಇಸ್ತ್ರಿ ಪೆಟ್ಟಿಗೆಯಿಂದ ಕೆಂಡವೊಂದು ಅಮ್ಮನ ಪಾದದ ಮೇಲೆ ಬಿತ್ತು. ಅವಳು ಅಂಗಿಯ ಕಾಲರು ತೀಡುತ್ತಲೇ ಇದ್ದಳು. ಸುಟ್ಟ ವಾಸನೆ ಬಂದಾಗ ಗಾಬರಿಯಿಂದ ಬಟ್ಟೆಯನ್ನೆಲ್ಲ ತಿರುಗಿಸಿ ತಿರುಗಿಸಿ ನೋಡಿದಳು. ಕಾಲು ನೋಡಿಕೊಳ್ಳಲಿಲ್ಲ.

ಮಗಳು ಡಾಕ್ಟರಿಗೆ ಗಾಯದ ಫೋಟೋ ಕಳಿಸಿದಳು. ಸಕ್ಕರೆ ಹತೋಟಿಯಲ್ಲಿದೆ, ಮುಲಾಮು ಸಾಕು, ತಾನಾಗಿ ಮಾಯುತ್ತದೆ ಎಂದು ಉತ್ತರ ಬಂತು. ಮಾಯಲಿಲ್ಲ. ಮೊದಲು ಕಿರುಬೆರಳು ಕಪ್ಪಾಯಿತು, ಆಮೇಲೆ ಪಕ್ಕದ್ದು. ಇಸ್ತ್ರಿ ಮಾಡಿದ ಬಟ್ಟೆಗಳ ನಡುವೆ ಕೊಳೆತ ವಾಸನೆ ಎದ್ದಿತು.

ಅಮ್ಮನಿಗೆ ಜ್ವರ ಏರಿ ಮಾತು ತೊದಲಿದ ದಿನ ಮಗಳು ಮೀಟರು ತೆಗೆದು ಅವಳ ಬೆರಳನ್ನೇ ಚುಚ್ಚಿದಳು. ಅಂಕಿಯೇ ಬರಲಿಲ್ಲ. ರಕ್ತದ ಸಕ್ಕರೆ ಆ ಮೀಟರಿನ ಅಳತೆಯನ್ನೇ ಮೀರಿತ್ತು. ಮಗಳು ಚಪ್ಪಲಿಯನ್ನೂ ಮೆಟ್ಟದೆ ನರ್ಸಮ್ಮನ ಮನೆಗೆ ಓಡಿ, ಬಾಗಿಲಲ್ಲೇ ಎಲ್ಲವನ್ನೂ ಹೇಳಿ ಅತ್ತಳು. ನರ್ಸಮ್ಮ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ದೊಡ್ಡಾಸ್ಪತ್ರೆಯಲ್ಲಿ ಅಮ್ಮನ ಕಾಲನ್ನು ಮೊಣಕಾಲಿನ ಕೆಳಗೆ ತೆಗೆದರು.

"ನೀನೂ ಒಂದ್ಸಲ ಸಕ್ಕರೆ ನೋಡಿಸ್ಕೋ. ಇದು ವಂಶದಲ್ಲಿ ಬರೋ ಕಾಯಿಲೆ," ಎಂದಳು ಅಲ್ಲಿಗೆ ನೋಡಲು ಬಂದ ನರ್ಸಮ್ಮ.

"ನಂದು ಚೆನ್ನಾಗಿದೆ," ಎಂದಳು ಮಗಳು. "ನನ್ನ ಅಂಕಿ ಎಲ್ಲಾ ಅಮ್ಮನ ಹೆಸರಲ್ಲಿದೆ, ನೋಡಿ."

ಅಮ್ಮನಿಗೆ ಪೂರ್ತಿ ಎಚ್ಚರವಾದ ಬೆಳಿಗ್ಗೆ ವಾರ್ಡಿನವಳು ಬಂದು, ಹೊಟ್ಟೆಯ ಚರ್ಮ ಚಿವುಟಿ ಹಿಡಿದು, ಸಣ್ಣದೊಂದು ಸೂಜಿ ಚುಚ್ಚಿ, ಮುಂದಿನ ಮಂಚಕ್ಕೆ ಹೋದಳು.

"ಏನದು?" ಅಮ್ಮ ಕೇಳಿದಳು.

"ಅದೇ ಅಮ್ಮಾ. ಇನ್ಸುಲಿನ್."

ಅಮ್ಮ ಚುಚ್ಚಿದ ಜಾಗವನ್ನು ಬೆರಳಿನಿಂದ ಹುಡುಕಿದಳು. ಸಿಗಲಿಲ್ಲ. ಆಮೇಲೆ ಹೊದಿಕೆ ಕಾಲ ಬಳಿ ಒಂದು ಪಕ್ಕ ತಗ್ಗಾಗಿದ್ದ ಕಡೆ ನೋಡಿದಳು.

"ಇಷ್ಟೇನಾ?" ಅಂದಳು. "ಇರುವೆ ಕಚ್ಚಿದಷ್ಟೂ ಇಲ್ವಲ್ಲೇ."